ಅಮ್ಮನ ಬಿಲ್ವಕ್ಕೆ ನಿಧಾನದ ಗೊಬ್ಬರ

ಗಿಡಕ್ಕೆ ಗೊಬ್ಬರ ಹಾಕುವುದು ಏನು ಮಹಾ ವಿದ್ಯೆ? ಹಾಕುವುದು, ನೀರು ಬಿಡುವುದು, ಕೈ ತೊಳೆದುಕೊಳ್ಳುವುದು. ಇಷ್ಟೇ ಎಂದು ನಂಬಿದ್ದವನು ನಾನು. ಆ ಕೈಯನ್ನು ಆಮೇಲೆ ಒಂದು ಶ್ರಾವಣವಿಡೀ ತೊಳೆದೆ. ಹೋಗಲಿಲ್ಲ!

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆ. ಆಗತಾನೆ ನನಗೆ ಗುಬ್ಬಿಯ ಕಚೇರಿಗೆ ವರ್ಗವಾಗಿತ್ತು. ದಿನಾ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬರುವ ಗುಮಾಸ್ತ. ಮನೆಯಲ್ಲಿ ನಾನು, ಹೆಂಡತಿ ಗಿರಿಜ ಮತ್ತು ಅಮ್ಮ. ಹಿತ್ತಲಿಗೆಲ್ಲ ಮನೆಯ ಮಾಲೀಕರು ಸಿಮೆಂಟು ಬಳಿಸಿದ್ದರಿಂದ ಮಣ್ಣು ಅಂತ ಇದ್ದದ್ದು ಕುಂಡಗಳಲ್ಲಿ ಮಾತ್ರ. ಅವುಗಳಲ್ಲಿ ದೊಡ್ಡ ಕುಂಡ ಅಮ್ಮನ ಬಿಲ್ವದ್ದು. ಅಮ್ಮ ಬೆಳಿಗ್ಗೆ ಸ್ನಾನ ಮಾಡಿ, ಆ ಗಿಡದಿಂದ ಎಲೆ ಕಿತ್ತು, ಲಿಂಗಪೂಜೆ ಮುಗಿಸಿದ ಮೇಲೆಯೇ ಒಂದು ಗುಟುಕು ಕಾಫಿ. ಪೂಜೆ ಇಲ್ಲವೆಂದರೆ ಕಾಫಿ ಇಲ್ಲ, ತಿಂಡಿ ಇಲ್ಲ, ಊಟ ಇಲ್ಲ. ಮೇಲಾಗಿ ಬಿ.ಪಿ. ಮಾತ್ರೆ ತಿನ್ನುವ ಜೀವ.

ಆಷಾಢದ ಕೊನೆಗೆ ಬಿಲ್ವದ ಎಲೆ ಹಳದಿ ತಿರುಗಿತು. ಶ್ರಾವಣ ಬಂದರೆ ಪೂಜೆಗೆ ಏನು ಮಾಡುವುದು ಎಂದು ಅಮ್ಮ ಗಿಡದ ಮುಂದೆ ನಿಂತು ಪೇಚಾಡಿದಳು. ನಾನಿಲ್ಲವೇ? ಅಮ್ಮನಿಗೆ ಹೇಳದೆ ಸಂತೆಪೇಟೆ ಕಡೆಯ ಗೊಬ್ಬರದ ಅಂಗಡಿಗೆ ಹೋದೆ.

"ಕುಂಡಕ್ಕಾ ಸಾರ್? ಹಂಗಾರೆ ಇದು ತಗೊಂಡೋಗಿ. ನಿಧಾನಕ್ಕೆ ಕೆಲಸ ಮಾಡ್ತದೆ. ಬೇರಿಗೆ ದಿನಾ ಸ್ವಲ್ಪ ಸ್ವಲ್ಪ ಬಿಡ್ತಾ ಇರ್ತದೆ. ಒಂದ್ಸಲ ಹಾಕಿದ್ರೆ ಆರು ತಿಂಗ್ಳು ಆ ಕಡೆ ತಲೆ ಹಾಕ್ಬೇಡಿ" ಎಂದ ಅಂಗಡಿಯವನು.

ನಿಧಾನವಾಗಿ ಕೆಲಸ ಮಾಡುವವರನ್ನು ಕಂಡರೆ ಸರ್ಕಾರಿ ನೌಕರನಾದ ನನಗೆ ಮೊದಲಿಂದಲೂ ಗೌರವ. ಹೆಸರೂ ಕೇಳದೆ ಕಟ್ಟಿಸಿಕೊಂಡೆ. ಬೂದು ಬಣ್ಣದ ಪುಡಿ, ಒಂಥರಾ ವಾಸನೆ. ಗೊಬ್ಬರ ತಾನೆ, ಮಲ್ಲಿಗೆ ಹೂವಿನ ಹಾಗೆ ಘಮಘಮಿಸುತ್ತದೆಯೇ! ಭಾನುವಾರ ಮಧ್ಯಾಹ್ನ ಅಮ್ಮ ಮಲಗಿದ್ದಾಗ ಪೊಟ್ಟಣ ಪೂರ್ತಿ ಕುಂಡಕ್ಕೆ ಸುರಿದು, ಮಣ್ಣಿನಲ್ಲಿ ಆಳಕ್ಕೆ ಬೆರೆಸಿ, ನೀರು ಹಾಕಿ ಕೈ ತೊಳೆದುಕೊಂಡೆ.

ಮಾರನೆಯ ದಿನ ಕಚೇರಿಯಲ್ಲಿ ಊಟದ ಹೊತ್ತಿಗೆ ನನ್ನ ಸಾಧನೆಯನ್ನು ಪಕ್ಕದ ಮೇಜಿನ ರಂಗಪ್ಪನಿಗೆ ವರ್ಣಿಸಿದೆ. ರಂಗಪ್ಪನಿಗೆ ಊರಲ್ಲಿ ತೆಂಗಿನ ತೋಟವಿತ್ತು.

"ಬೂದು ಪುಡಿನಾ ಸಾರ್? ನಾಯಿ ಮೂಸ್ಕೊಂಡ್ ಬಂದ್ವಾ?"

"ಹೌದು ಕಣಪ್ಪ. ಬೆಳಿಗ್ಗೆ ಬೀದಿ ನಾಯಿಗಳೆಲ್ಲ ನಮ್ಮ ಹಿತ್ತಲ ಬಾಗಿಲಲ್ಲಿ ಸಭೆ ಸೇರಿದ್ವು!"

"ಹಂಗಾರೆ ಮೂಳೆ ಗೊಬ್ಬರ. ದನದ ಮೂಳೆ ಪುಡಿ ಮಾಡ್ತಾರಲ್ಲ, ಅದು. ಬಲೇ ಗೊಬ್ಬರ ಸಾರ್!"

ಬಾಯಲ್ಲಿದ್ದ ಚಿತ್ರಾನ್ನ ಇದ್ದಲ್ಲೇ ನಿಂತಿತು. ಬಿಲ್ವದ ಬುಡಕ್ಕೆ ಮೂಳೆ! ಆ ಎಲೆ ಲಿಂಗದ ಮೇಲೆ! ಹೋದ ವರ್ಷ ಕಾಗೆಯೊಂದು ಎಲ್ಲಿಂದಲೋ ಮೂಳೆಯ ಚೂರು ತಂದು ನಮ್ಮ ಹಿತ್ತಲಿಗೆ ಹಾಕಿತ್ತು. ಅಮ್ಮ ಇಡೀ ಹಿತ್ತಲು ತೊಳೆಸಿ, ಆ ದಿನ ಸಂಜೆಯವರೆಗೂ ಅನ್ನ ಮುಟ್ಟಿರಲಿಲ್ಲ. ಒಂದು ಚೂರಿಗೆ ಒಂದು ದಿನ ಉಪವಾಸವಾದರೆ ಒಂದು ಪೊಟ್ಟಣಕ್ಕೆ ಎಷ್ಟು? ಲೆಕ್ಕ ಹಾಕಿದೆ. ಅಮ್ಮ ಉಳಿಯುವ ಹಾಗೆ ಕಾಣಲಿಲ್ಲ!

ಅದೂ ನಿಧಾನದ ಗೊಬ್ಬರ. ಆರು ತಿಂಗಳು, ದಿನಾ ಸ್ವಲ್ಪ ಸ್ವಲ್ಪ, ಎಲೆ ಎಲೆಗೂ ಏರುತ್ತಿರುತ್ತದೆ. ಇವತ್ತಿನ ಪೂಜೆಯ ಎಲೆಗೆ ಇನ್ನೂ ಏರಿರಲಾರದು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಆದರೆ ನಾಳೆಯದು?

ರಾತ್ರಿ ಗಿರಿಜಳ ಕಿವಿಯಲ್ಲಿ ಹೇಳಿದೆ. ಅವಳು ಎದೆ ಮೇಲೆ ಕೈ ಇಟ್ಟುಕೊಂಡಳು.

"ಅತ್ತೆಗೆ ನೀವೇ ಹೇಳಿ. ಹೇಳೋ ದಿನ ಮಾತ್ರ ನನಗೆ ಮುಂಚೆ ತಿಳಿಸಿ. ನಾನು ಕ್ಯಾತ್ಸಂದ್ರಕ್ಕೆ ಅಕ್ಕನ ಮನೆಗೆ ಹೋಗಿರ್ತೀನಿ" ಅಂದಳು.

ಬೆಳಗಾಗುವ ಮುಂಚೆ ಎದ್ದು, ಗೊಬ್ಬರವನ್ನು ತೋಡಿ ತೆಗೆಯಲು ಹೊರಟೆ. ಕೈಗೆ ಸಿಕ್ಕಿದ್ದು ಅಡುಗೆಮನೆಯ ಸೌಟು. ಎರಡು ಸಲ ತೋಡುವಷ್ಟರಲ್ಲಿ ಬೇರಿಗೆ ತಗುಲಿತು, ಬಚ್ಚಲಲ್ಲಿ ಅಮ್ಮನ ಕೆಮ್ಮೂ ಕೇಳಿತು. ಗಾಬರಿಯಲ್ಲಿ ಸೌಟನ್ನು ನನ್ನ ಕಚೇರಿಯ ಚೀಲಕ್ಕೆ ತುರುಕಿದೆ. ಆಮೇಲೆ ಹೊಳೆಯಿತು, ಮೂಳೆ ಈಗ ಸೌಟಿಗೂ ಹತ್ತಿದೆ! ಸದರಿ ಸೌಟು ಇನ್ನು ಅಡುಗೆಮನೆ ಪ್ರವೇಶಿಸತಕ್ಕದ್ದಲ್ಲ. ಗಿಡಕ್ಕೆ ಹುಳ ಬಿದ್ದಿದೆ, ಇವತ್ತು ಎಲೆ ಕೀಳಬೇಡ ಎಂದು ಅಮ್ಮನಿಗೆ ಒಂದು ಸುಳ್ಳು ಹೇಳಿದೆ. ಪಾಪ, ಅಮ್ಮ ಅವತ್ತು ಬರೀ ತುಂಬೆ ಹೂವಿನಲ್ಲೇ ಪೂಜೆ ಮುಗಿಸಿದಳು.

ಗುಬ್ಬಿಯಲ್ಲಿ ಇಳಿದವನು ಯಾರೂ ನೋಡದ ಜಾಗ ಹುಡುಕುತ್ತಾ ರೈಲು ಹಳಿಯ ಪಕ್ಕದ ಕಾಲುದಾರಿ ಹಿಡಿದೆ. ಅಲ್ಲೊಂದು ಹಳೆಯ ಕಲ್ಲುಗೋಡೆ, ಅದರ ತುಂಬ ಪೊದೆ. ಆ ಕಡೆ ಈ ಕಡೆ ನೋಡಿ ಸೌಟನ್ನು ಗೋಡೆಯಾಚೆ ಬೀಸಿ ಎಸೆದೆ. ತಲೆ ಎತ್ತಿದರೆ ಏನು ನೋಡಲಿ! ಗೋಡೆಯ ಒಳಗಿಂದ ದೊಡ್ಡ ಬಿಲ್ವದ ಮರವೊಂದು ಹೊರಕ್ಕೆ ಕೊಂಬೆ ಚಾಚಿ ನಿಂತಿತ್ತು. ಅಂಥ ಸೊಂಪಾದ ಎಲೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಶಿವನೇ ಕಣ್ಣು ಬಿಟ್ಟ ಅಂದುಕೊಂಡೆ.

ಸಂಜೆ ಚೀಲದ ತುಂಬ ಎಲೆ ತಂದು ಅಮ್ಮನ ಮುಂದೆ ಇಟ್ಟೆ. "ಕುಂಡದ ಗಿಡ ಸುಧಾರಿಸಿಕೊಳ್ಳಲಿ ಅಮ್ಮ. ಶ್ರಾವಣ ಪೂರ್ತಿ ನಾನೇ ಗುಬ್ಬಿಯಿಂದ ತರ್ತೀನಿ" ಅಂದೆ.

ಅಮ್ಮನ ಕಣ್ಣು ತುಂಬಿತು. "ನನ್ನ ಮಗನಿಗೆ ಈಗ ಬಂತು ನೋಡು ಭಕ್ತಿ!" ಎಂದು ಇಡೀ ಬೀದಿಗೆ ಸಾರಿದಳು. ಪಕ್ಕದ ಮನೆ ಪಾರ್ವತಮ್ಮನವರು ಕಾಂಪೌಂಡಿನ ಮೇಲಿಂದ ಬಗ್ಗಿ, "ನಮಗೂ ಒಂದು ಹಿಡಿ ತಂದ್ಕೊಡಪ್ಪ, ಪುಣ್ಯ ಬರುತ್ತೆ" ಅಂದರು. ಅವರನ್ನು ನೋಡಿ ಎದುರುಮನೆಯವರು. ಅವರನ್ನು ನೋಡಿ ಮೂಲೆಮನೆಯವರು. ಶ್ರಾವಣ ಶುರುವಾಗುವ ಹೊತ್ತಿಗೆ ನಾನು ಉಪ್ಪಾರಹಳ್ಳಿಯ ಅಧಿಕೃತ ಬಿಲ್ವ ಸರಬರಾಜುದಾರನಾಗಿದ್ದೆ!

ಕೈಗೆ ಎಟಕುವ ಎಲೆ ಬೇಗ ಮುಗಿದವು. ಗೋಡೆ ಹತ್ತಬೇಕಾಯಿತು. ಬಿಲ್ವದ ಮುಳ್ಳು ಗೊತ್ತಲ್ಲ, ಅಂಗಿ ಹರಿದು, ಕೈ ಗೀರಿ, ತಲೆಯಲ್ಲಿ ಕಸ ಸಿಕ್ಕಿಕೊಂಡು, ಮುಸ್ಸಂಜೆಯಲ್ಲಿ ಒಂದು ದಿನ ಗೋಡೆಯಿಂದ ದೊಪ್ಪನೆ ಧುಮುಕಿದೆ. ಕಾಲುದಾರಿಯಲ್ಲಿ ಬರುತ್ತಿದ್ದ ಇಬ್ಬರು ಹೆಂಗಸರು "ಅಯ್ಯಯ್ಯಪ್ಪೋ!" ಎಂದು ಸೌದೆ ಹೊರೆ ಬಿಸಾಕಿ ಓಡಿದರು. ಕಳ್ಳನೆಂದು ತಿಳಿದು ಪೊಲೀಸರಿಗೆ ಹೇಳುತ್ತಾರೋ ಏನೋ ಎಂದು ನಾನೂ ಇನ್ನೊಂದು ದಿಕ್ಕಿಗೆ ಓಡಿದೆ.

ಮಾರನೆಯ ದಿನ ರಂಗಪ್ಪ ಮೆಲ್ಲಗೆ ಹೇಳಿದ. "ಸಾರ್, ಸ್ಟೇಷನ್ ಹಿಂದ್ಗಡೆ ದೆವ್ವ ಓಡಾಡ್ತೈತಂತೆ. ಕೈಯಾಗೆ ಚೀಲ ಬೇರೆ ಐತಂತೆ. ನೀವು ಆ ಕಡೆ ಹೋಗ್ಬೇಡಿ."

ಮನೆಯಲ್ಲಿ ಅಮ್ಮನ ಭಯ, ದಾರಿಯಲ್ಲಿ ದೆವ್ವದ ಭಯ. ಎಲೆ ತರದಿದ್ದರೆ ಅಮ್ಮ ಕುಂಡಕ್ಕೆ ಕೈ ಹಾಕುತ್ತಾಳೆ! ಅವತ್ತಿನಿಂದ ಹಣೆಗೆ, ತೋಳಿಗೆ, ಕುತ್ತಿಗೆಗೆ ದಟ್ಟವಾಗಿ ವಿಭೂತಿ ಬಳಿದುಕೊಂಡು ಗೋಡೆ ಹತ್ತತೊಡಗಿದೆ. ಆ ದಾರಿಯಲ್ಲಿ ಜನ ಓಡಾಡುವುದೇ ನಿಂತುಹೋಯಿತು.

ಭಾನುವಾರ ಕಚೇರಿ ಇಲ್ಲವಾದ್ದರಿಂದ ಶನಿವಾರವೇ ಎರಡು ದಿನದ ಎಲೆ ತಂದಿಡುತ್ತಿದ್ದೆ. ಶ್ರಾವಣದ ಕೊನೆಯ ಭಾನುವಾರ ರಾತ್ರಿ ಪಾರ್ವತಮ್ಮನವರ ಮನೆಗೆ ನೆಂಟರು ಬಂದರಂತೆ. ಅಮ್ಮ ಇದ್ದ ಎಲೆಯನ್ನೆಲ್ಲ ಅವರಿಗೆ ಕೊಟ್ಟುಬಿಟ್ಟಿದ್ದಳು. ಸೋಮವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ನೋಡುತ್ತೇನೆ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿ, ತಟ್ಟೆ ಹಿಡಿದು ಅಮ್ಮ ಕುಂಡದ ಮುಂದೆ! ಗಿಡವೋ, ಎಲೆ ಕೀಳುವವರಿಲ್ಲದೆ, ಹಸಿರು ಸುರಿಸಿಕೊಂಡು ನಿಂತಿತ್ತು.

"ಅಮ್ಮಾ, ಮುಟ್ಟಬೇಡ! ಅದಕ್ಕೆ ಮೂಳೆ ಗೊಬ್ಬರ ಹಾಕಿದೀನಿ!"

ಬಾಯಿಯ ನೊರೆ ಹಿತ್ತಲಿಗೆಲ್ಲ ಹಾರಿತು. ಅಮ್ಮ ಕೈ ಹಿಂದಕ್ಕೆಳೆದುಕೊಂಡು ಮೆಟ್ಟಿಲ ಮೇಲೆ ಕೂತಳು. ನಾನು ಅಂಗಡಿ, ನಾಯಿ, ರಂಗಪ್ಪ, ಹುಳದ ಸುಳ್ಳು ಎಲ್ಲವನ್ನೂ ಒದರಿದೆ.

"ಇಷ್ಟು ದಿನ ಯಾಕೋ ಹೇಳ್ಲಿಲ್ಲ?"

"ನೀನು ಊಟ ಬಿಟ್ಟುಬಿಡ್ತೀಯ ಅಂತ ಭಯ ಆಯ್ತಮ್ಮ. ಹೋದ ವರ್ಷ ಕಾಗೆ ಮೂಳೆ ತಂದು ಹಾಕಿದಾಗ ಉಪವಾಸ ಇರ್ಲಿಲ್ವಾ?"

ಅಮ್ಮ ನನ್ನನ್ನೇ ನೋಡಿದಳು. "ಅವತ್ತು ಸೋಮವಾರ ಕಣೋ! ನೀನು ಹುಟ್ಟೋಕೆ ಮುಂಚಿಂದ ಸೋಮವಾರ ನಾನು ಹಗಲು ಹೊತ್ತು ಉಂಡಿದೀನಾ? ಒಂದೇ ಮನೇಲಿ ಇದೀಯ, ಇಷ್ಟೂ ಗೊತ್ತಿಲ್ವಾ ನಿನಗೆ?"

ಗೊತ್ತಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ.

"ಅದಿರ್ಲಿ, ಗುಬ್ಬಿ ಎಲೆ ಎಲ್ಲಿಂದ ತರ್ತಿದ್ದೆ?"

"ಸ್ಟೇಷನ್ ಹಿಂದೆ, ಕಲ್ಲುಗೋಡೆ ಒಳಗೆ ದೊಡ್ಡ ಮರ ಇದೆ ನೋಡು..."

ಗುಬ್ಬಿ ಅಮ್ಮನ ತವರು, ಅಲ್ಲಿನ ಮೂಲೆ ಮೂಲೆಯೂ ಅವಳಿಗೆ ಗೊತ್ತು ಎಂಬುದು ನನಗೆ ಆಗ ನೆನಪಿಗೆ ಬಂತು. ಅಮ್ಮನ ಮುಖ ಹೇಗೆ ಹೇಗೋ ಆಗುತ್ತಾ ಬಂತು.

"ಅಯ್ಯೋ ನಿನ್ನ! ಮುಂದುಗಡೆ ಬಾಗಿಲಿಂದ ಒಂದು ದಿನಾನೂ ನೋಡ್ಲಿಲ್ವೇನೋ? ಅದು ರುದ್ರಭೂಮಿ ಕಣೋ! ನಮ್ಮ ದೊಡ್ಡಪ್ಪನ್ನ ಮಣ್ಣು ಮಾಡಿದ್ದು ಆ ಮರದ ಬುಡದಲ್ಲೇ!"

ನನಗೆ ಮೆಟ್ಟಿಲು ಸಾಲದೆ ನೆಲದ ಮೇಲೆ ಕೂತೆ. ಎಲೆ ಅಷ್ಟು ಸೊಂಪಾಗಿದ್ದದ್ದು ಯಾಕೆಂದು ಈಗ ತಿಳಿಯಿತು. ಅಲ್ಲಿಯೂ ನಿಧಾನದ ಗೊಬ್ಬರವೇ!

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಒಂದು ಪೊಟ್ಟಣ ಮೂಳೆಗೆ ಹೆದರಿ ನಮ್ಮ ದೊಡ್ಡಪ್ಪನ್ನ ದಿನಾ ಚೀಲದಲ್ಲಿ ಹೊತ್ಕೊಂಡು ಬಂದ್ಯಲ್ಲೋ! ಬೀದಿಗೆಲ್ಲ ಹಂಚಿದ್ಯಲ್ಲೋ! ಶಿವನಿಗೆ ಸ್ಮಶಾನ ಹೊಸದೇನಲ್ಲ ಬಿಡು. ಪಾರ್ವತಮ್ಮನಿಗೆ ಮಾತ್ರ ಹೇಳಬೇಡ" ಎಂದು ಎದ್ದು, ಕುಂಡಕ್ಕೆ ಒಂದು ತಂಬಿಗೆ ನೀರು ಹಾಕಿ, ಎಲೆ ಕಿತ್ತುಕೊಂಡಳು.

ಅಷ್ಟರಲ್ಲಿ ಗಿರಿಜ ಬಾಗಿಲಿಗೆ ಬಂದಳು. "ರೀ, ಹಾಗಾದ್ರೆ ನಮ್ಮ ಸೌಟು?"

ಗೋಡೆಯಾಚೆ ಎಸೆದದ್ದನ್ನು ಹೇಳಿದೆ.

"ಹೋಗ್ಲಿ ಬಿಡು. ದೊಡ್ಡಪ್ಪನಿಗೆ ಸಾರು ಅಂದ್ರೆ ಪ್ರಾಣ" ಎಂದು ಅಮ್ಮ ಪೂಜೆಗೆ ಕೂತಳು.

ಅವತ್ತು ರೈಲು ಬಿಟ್ಟು ಬಸ್ಸು ಹತ್ತಿ ಕಚೇರಿಗೆ ಹೋದೆ. ಸ್ಟೇಷನ್ ಹಿಂದಿನ ದೆವ್ವ ಯಾರೆಂಬುದು ಬಸ್ಸಿನಲ್ಲಿ ಹೊಳೆಯಿತು. ಅಮ್ಮ ಎಲ್ಲಿ ಊಟ ಬಿಡುತ್ತಾಳೋ ಎಂದು ಒಂದು ಶ್ರಾವಣ ನಡುಗಿದ್ದೆ. ಆ ಸಂಜೆ ಅಮ್ಮ ಉಪವಾಸ ಮುರಿದು, ಹೊಸ ಸೌಟಿನಲ್ಲಿ ಎರಡೆರಡು ಸಲ ಸಾರು ಬಡಿಸಿಕೊಂಡು ಉಂಡಳು. ನನ್ನ ಕಣ್ಣು ಸೌಟಿನ ಮೇಲೆ, ಮನಸ್ಸು ದೊಡ್ಡಪ್ಪನ ಮೇಲೆ. ಒಂದು ತುತ್ತೂ ಇಳಿಯದೆ ತಟ್ಟೆ ಬಿಟ್ಟು ಎದ್ದವನು ನಾನು!