ಸೊಸೆಯ ಕಾಗದದ ಕಂಪನಿ

ಸೊಸೆ ಹಿಡಿದ ಆ ಕೆಲಸದಲ್ಲಿ ವ್ಯಾಪಾರ ಇತ್ತು. ಇಲ್ಲ ಅಂದವಳು ನಾನು, ತಪ್ಪಿದ್ದೂ ನಾನೇ. ನಡೆದದ್ದು ಇಷ್ಟೇ. ಈಗ ನನ್ನ ಸೊಸೆ ಸುಕನ್ಯಾ ಮನೆಗೆ ಬಂದವರಿಗೆಲ್ಲ, ನಮ್ಮತ್ತೆ ಮೊದಲಿಂದಲೂ ಧೈರ್ಯ ಕೊಟ್ಟರು ಅಂತ ಹೇಳುತ್ತಾಳೆ. ಸುಳ್ಳು. ನಾನು ಕೊಟ್ಟದ್ದು ಒಂದು ಊಟದ ಡಬ್ಬಿ, ಬಿಡದಿಯ ಫ್ಯಾಕ್ಟರಿಗೆ ಹೋಗಲಿ ಅಂತ.

ನಮ್ಮದು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಮನೆ. ಮಗ ಶಿವಣ್ಣ ಮರ ಕಡೆದು ಬುಗುರಿ, ಗಿಲಕಿ ಮಾಡಿ ಅರಗಿನ ಬಣ್ಣ ಹಚ್ಚುತ್ತಾನೆ. ಸೊಸೆ ಕಂಪ್ಯೂಟರ್ ಕಲಿತವಳು. ತಿಂಗಳಿಗೊಮ್ಮೆ ಹೊಸ ಗೊಂಬೆಗಳ ಸುದ್ದಿ ಬರೆದು ಊರೂರಿನ ಗಿರಾಕಿಗಳಿಗೆಲ್ಲ ಒಂದೇ ಏಟಿಗೆ ಇಮೇಲ್ ಕಳಿಸುತ್ತಿದ್ದಳು. ಅದಕ್ಕೆ ನ್ಯೂಸ್‌ಲೆಟರ್ ಅನ್ನಬೇಕಂತೆ. ಒಂದು ವರ್ಷ ಕಳಿಸಿದಳು, ಒಬ್ಬರಿಂದಲೂ ಉತ್ತರವಿಲ್ಲ. ಆಮೇಲೆ ವಿಚಾರಿಸಿದರೆ, ಅವೆಲ್ಲ ಗಿರಾಕಿಗಳ ಕಸದ ಡಬ್ಬಿಗೆ ಬಿದ್ದಿದ್ದವು. ಕಂಪ್ಯೂಟರಿನೊಳಗೂ ಒಂದು ಕಸದ ಡಬ್ಬಿ ಇರುತ್ತದಂತೆ. ಅದನ್ನು ಚೆಲ್ಲಿ ಬರುವವರು ಯಾರು ಅಂತ ನಾನು ಕೇಳಲಿಲ್ಲ.

“ಓದ್ದೇನೇ ಯಾಕವ್ವ ಕಸುಕ್ಕೆ ಹಾಕ್ತಾರೆ?” ಅಂದೆ.

“ನಮ್ಮ ಹೆಸರಲ್ಲಿ ಕಾಗ್ದ ಹಂಚೋರು ಬೇರೆ ಕಂಪ್ನಿಯೋರು ಅತ್ತೆ. ಅವರ್ನ ನಾವೇ ಕಳ್ಸಿರೋದು ಅಂತ ನಾವು ಎಲ್ಲೂ ಬರ್ದಿಟ್ಟಿಲ್ಲ. ಆ ಕಡೆ ಬಾಗ್ಲು ಕಾಯೋನಿಗೆ ನಂಬ್ಕೆ ಬರಲ್ಲ, ಕಸುಕ್ಕೆ ಎಸೀತಾನೆ.”

ನಾನು ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಆದರೂ ಇದು ತಕ್ಷಣ ತಲೆಗೆ ಹೋಯಿತು. ನನ್ನ ಮಗಳ ಮದುವೆಯಲ್ಲಿ ವಿರೂಪಾಕ್ಷಿಪುರದ ನೆಂಟರಿಗೆ ಲಗ್ನಪತ್ರಿಕೆಗಳನ್ನು ನಮ್ಮ ಯಜಮಾನರು ಬಸ್ ಕಂಡಕ್ಟರ್ ಕೈಲಿ ಕಳಿಸಿಬಿಟ್ಟರು. ಒಬ್ಬರೂ ಬರಲಿಲ್ಲ. ನಮ್ಮ ಕಡೆ ಮನೆಯವರೇ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಆಗದಿದ್ದರೆ, ನಮ್ಮ ಪರವಾಗಿ ಇಂಥವನು ಬರುತ್ತಾನೆ ಅಂತ ಮೊದಲೇ ಹೇಳಿ ಕಳಿಸಬೇಕು. ಇಲ್ಲದಿದ್ದರೆ ಪತ್ರಿಕೆಗೆ ಚಿನ್ನದ ಅಂಚಿದ್ದರೂ ಅದು ಕರೆದ ಹಾಗಲ್ಲ. “ಯಾವನೋ ಕಂಡಕ್ಟ್ರು ಕರುದ್ರೆ ನಾನು ಮದ್ವೆಗೆ ಬರ್ಬೇಕಾ?” ಅಂತ ನಮ್ಮ ಚಿಕ್ಕಮಾವ ಸಾಯುವ ತನಕ ಅನ್ನುತ್ತಿದ್ದರು. ಆವತ್ತು ಉಳಿದ ಸಾರನ್ನು ಬೀದಿಗೆಲ್ಲ ಹಂಚಿದೆವು.

ಸುಕನ್ಯಾ, ಹಂಚುವ ಕಂಪನಿಯವರು ನಮ್ಮವರೇ ಅಂತ ಬರೆದಿಟ್ಟು, ತನ್ನ ಕಾಗದದ ಕಾಯಿಲೆ ವಾಸಿ ಮಾಡಿಕೊಂಡು ಸುಮ್ಮನಿರಲಿಲ್ಲ. ಉಳಿದವರಿಗೂ ಆಗಲಿ ಅಂತ ಕಂಪ್ಯೂಟರಿನಲ್ಲಿ ಒಂದು ಪುಟ ಕಟ್ಟಿದಳು. ಅದರಲ್ಲಿ ನಿಮ್ಮ ಅಂಗಡಿ ಹೆಸರು ಬರೆದು, ಯಾರ ಮೂಲಕ ಕಾಗದ ಕಳಿಸುತ್ತೀರಿ ಅಂತ ಒತ್ತಿದರೆ, ನಿಮಗೆ ಬೇಕಾದ ಅಂಥದ್ದೇ ಎರಡು ಮೂರು ಸಾಲು ಅದೇ ಬರೆದುಕೊಡುತ್ತದೆ. ಎಲ್ಲಿ ಅಂಟಿಸಬೇಕು ಅಂತಲೂ ತೋರಿಸುತ್ತದೆ. ಸರಿಯಾಗಿ ಅಂಟಿಸಿದರೆ ಹಸಿರು ಗುರುತು ಬರುತ್ತದೆ. ಇದನ್ನೇ ಮಾರುತ್ತೇನೆ ಅಂದಳು.

“ಮೂರು ಸಾಲು ಅಂಟ್ಸಕ್ಕೆ ಯಾರವ್ವ ದುಡ್ಡು ಕೊಟ್ಟಾರು? ನೆಟ್ಟುಗೆ ಫ್ಯಾಕ್ಟ್ರಿಗೆ ಹೋಗು,” ಅಂದೆ. ಆಗಷ್ಟೇ ಬಿಡದಿ ಕಡೆ ಸಾಲು ಸಾಲು ಫ್ಯಾಕ್ಟರಿಗಳು ಎದ್ದು, ಹೆಂಗಸರನ್ನು ಕರೆದುಕೊಂಡು ಹೋಗುವ ವ್ಯಾನು ನಮ್ಮ ಬೀದಿ ಮೂಲೆಗೇ ಬರುತ್ತಿತ್ತು. ಕೊನೆಗೆ ಮಾತಾಯಿತು: ತಿಂಗಳು ಮುಗಿಯುವುದರೊಳಗೆ ನೆಂಟರಲ್ಲದ ಒಬ್ಬ ಗಿರಾಕಿ ಸಿಗಬೇಕು, ಸಿಗದಿದ್ದರೆ ಮಾರನೇ ದಿನ ಅವಳು ವ್ಯಾನು ಹತ್ತಬೇಕು.

ಪಾಪ, ತಿರುಗಿದಳು. ನಮ್ಮೂರ ಗೊಂಬೆಯವರು, ರಾಮನಗರದ ರೇಷ್ಮೆ ಸೀರೆ ಅಂಗಡಿ, ಮಾಗಡಿಯ ಬೀಜದ ವ್ಯಾಪಾರಿ, ಎಲ್ಲರೂ ಟೀ ಕೊಟ್ಟರು. ಎಲ್ಲರದ್ದೂ ಒಂದೇ ಮಾತು: “ನಮ್ಮ ಕಾಗ್ದ ಸರ್ಯಾಗೇ ಹೋಯ್ತಾವೆ ಕಣಮ್ಮ.” ಮನೆಗೆ ಬಂದು ಅವಳು ಅಳಲಿಲ್ಲ, ತೊಳೆದಿಟ್ಟ ಬಾಣಲೆಯನ್ನೇ ಮತ್ತೆ ಗಸಗಸ ಉಜ್ಜಿದಳು. ನನಗೆ ಒಳಗೊಳಗೇ ಖುಷಿ. ಇರುವುದನ್ನು ಇದ್ದ ಹಾಗೆ ಹೇಳಬೇಕಲ್ಲ.

ತಿಂಗಳ ಕೊನೇ ದಿನ ಮಧ್ಯಾಹ್ನ ಶಿವಣ್ಣನಿಗೆ ಅರಗು ಮುಗಿಯಿತು. ಎರಡು ಕಡ್ಡಿ ಕೇಳಿ ತರೋಣ ಅಂತ ಎದುರುಮನೆಯ ಅಮೀರ್ ಸಾಬರ ಕಾರ್ಖಾನೆಗೆ ಹೋದೆ. ಅವರೂ ಗೊಂಬೆ ಮಾಡುವವರೇ. ಮುಖ ಇಳಿಬಿಟ್ಟು ಕೂತಿದ್ದರು.

“ಪುಣೆ ಸೇಟು ನನ್ನ ಮರ್ತೇಬುಟ್ಟ ಅಜ್ಜಮ್ಮ. ಇಪ್ಪತ್ತೊರ್ಷದ ಗಿರಾಕಿ. ಹಂಚೋ ಕಂಪ್ನಿಯೋರ ಕೈಲಿ ಎಷ್ಟು ಇಮೇಲ್ ಹಾಕ್ಸುದ್ರೂ ಜವಾಬಿಲ್ಲ.”

“ಅವನು ಮರ್ತಿಲ್ಲ ಸಾಬ್ರೇ. ನಿಮ್ಮ ಕಾಗ್ದ ಅವನ ಕಸುದ್ ಡಬ್ಬಿಲಿ ಕೊಳೀತಾ ಐತೆ.”

“ಏನಂದ್ರಿ? ನನ್ನ ಕಾಗ್ದ ಕಸುಕ್ಕಾ?” ಸಾಬರ ಗಡ್ಡವೇ ನಡುಗಿತು. “ಈಗ್ಲೇ ಕೇಳ್ತೀನಿ. ಸುಳ್ಳಾದ್ರೆ ಈ ಬಾಗ್ಲಿಗೆ ಬರ್ಬ್ಯಾಡಿ.”

ಸಿಟ್ಟಿನಲ್ಲೇ ಫೋನು ಒತ್ತಿದರು. ಹಿಂದಿಯಲ್ಲಿ ಏನೋ ಜೋರು ಮಾಡಿದರು, ಆಮೇಲೆ ಮರದ ಹೊಟ್ಟಿನ ಮೂಟೆ ಮೇಲೆ ಕುಕ್ಕರಿಸಿ ನಗತೊಡಗಿದರು. ರಂಜಾನಿನಿಂದ ಕಳಿಸಿದ್ದೆಲ್ಲ ಆ ಕಡೆ ಕಸದಲ್ಲೇ ಬಿದ್ದಿತ್ತು. ಸಾಬರು ಅಂಗಡಿ ಮುಚ್ಚಿದರೇನೋ ಅಂತ ಸೇಟು ಮರುಗುತ್ತಿದ್ದನಂತೆ.

“ಅವನ್ ಮೇಲೆ ಮುನಿಸ್ಕೊಂಡು ಅವನ ಮಗಳ ಮದ್ವೆಗೂ ಹೋಗ್ಲಿಲ್ವಲ್ಲ ನಾನು! ಎಲ್ಲಿ ನಿಮ್ಮ ಸೊಸೆ? ಬೇಗ ಕರೀರಿ!”

ಕರೆದೆ. ಅವಳು ಬಂದು ಆ ಸಾಲು ಅಂಟಿಸಿದಳು, ಹಸಿರು ಗುರುತು ಬಂತು. ಸಾಬರು ಒಂದು ವರ್ಷದ ದುಡ್ಡು ಅಲ್ಲೇ ಕೊಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದರು. ಸಂಜೆಗೆ ಇನ್ನೂ ಮೂವರು ನಮ್ಮ ಜಗಲಿ ಮೇಲೆ ಕೂತು, ತಂತಮ್ಮ ಗಿರಾಕಿಗಳಿಗೆ ಫೋನು ಹಚ್ಚಿ ಕಸ ಕೆದಕಿಸುತ್ತಿದ್ದರು. ತನ್ನ ಕಾಗದ ಕಸಕ್ಕೆ ಬಿದ್ದಿದೆ ಅಂತ ಯಾರಿಗೂ ತಾನಾಗಿ ಗೊತ್ತಾಗುವುದಿಲ್ಲ. ಮೊದಲು ಅದನ್ನು ತೋರಿಸಬೇಕು, ಆಮೇಲೆ ಔಷಧಿ ಮಾರಬೇಕು. ಸುಕನ್ಯಾ ಅಂದಿನಿಂದ ಹಾಗೇ ಮಾಡುತ್ತಿದ್ದಾಳೆ. ಸೀರೆ ಅಂಗಡಿಯವರೂ ಬಂದರು, ಬೀಜದವರೂ ಬಂದರು.

ಸಾಬರು ದುಡ್ಡು ಕೊಟ್ಟ ಮಾರನೇ ಬೆಳಿಗ್ಗೆ ಮೂಲೆಯಲ್ಲಿ ವ್ಯಾನು ಹಾರ್ನ್ ಹೊಡೆಯಿತು. ನಾನೇ ಹೋಗಿ, “ಅವಳು ಬರಲ್ಲ, ನೀನು ಹೊರ್ಡಪ್ಪ,” ಅಂದೆ. ಒಳಗೆ ಬಂದರೆ ಸೊಸೆ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಅತ್ತೆ, ಇವತ್ತು ತಿಂಡಿ ಒಸಿ ನೀವೇ…” ಅಂದಳು. ಅವಳು ಮದುವೆಯಾಗಿ ಬಂದ ಮೇಲೆ ನಾನು ಒಲೆ ಮುಟ್ಟಿರಲಿಲ್ಲ. ಸೆರಗು ಸಿಕ್ಕಿಸಿ, ಮನೆಯವರಿಗೂ ಜಗಲಿ ಮೇಲೆ ಆಗಲೇ ಬಂದು ಕೂತಿದ್ದ ಗಿರಾಕಿಗಳಿಗೂ ಸೇರಿಸಿ ಅಕ್ಕಿರೊಟ್ಟಿ ತಟ್ಟಿದೆ. ಆ ಕಂಪನಿಗೆ ಸೇರಿದ ಮೊದಲ ಕೆಲಸದವಳು ನಾನೇ. ಫ್ಯಾಕ್ಟರಿಯಾಗಿದ್ದರೆ ಭಾನುವಾರವಾದರೂ ರಜಾ ಇರುತ್ತಿತ್ತು.