ಸೊನ್ನೆಗೆ ಇಳಿಸಿ ನೋಡಿದ ಬ್ಯಾಟರಿ

ನನ್ನ ಹೆಂಡತಿ ನನ್ನನ್ನು ಬೈದದ್ದನ್ನು ನೆರೆಹೊರೆಯವರು ಯಾರೂ ಈವರೆಗೆ ಕೇಳಿಲ್ಲ. "ಎಂಥ ತಾಳ್ಮೆ! ಗಂಡನಿಗೆ ಒಂದು ದಿನ ಎದುರಾಡಿದ್ದಿಲ್ಲ" ಎಂದು ಮಹಡಿ ಮನೆಯವರು ಹೊಗಳುತ್ತಾರೆ. ಅವಳು ಬೈಯುವುದು ಕೈಯಲ್ಲಿ ಎಂಬುದು ಅವರಿಗೆ ಗೊತ್ತಿಲ್ಲ. (ಹೊಡೆಯುತ್ತಾಳೆ ಎಂದು ತಿಳಿಯಬೇಡಿ. ಅಷ್ಟು ಸುಲಭದಲ್ಲಿ ಮುಗಿಯುವ ವಿಷಯ ಅಲ್ಲ.) ಕಿವಿ ಕೇಳದವರ ಸನ್ನೆ ಭಾಷೆ ಅವಳಿಗೆ ಕರಗತ. ಹುಟ್ಟಿನಿಂದಲೇ ಕಿವಿ ಕೇಳದ ಅಣ್ಣನ ಜೊತೆ ಬೆಳೆದವಳು. ಮುಂದೆ ಅದೇ ಭಾಷೆಯ ದುಭಾಷಿಯಾಗಿ ಕೆಲಸವನ್ನೂ ಮಾಡಿದಳು. ನೆಂಟರ ಎದುರು ನಾನು ಏನಾದರೂ ಎಡವಟ್ಟು ಮಾಡಿದರೆ ಅವಳ ಮುಖದ ನಗು ಇದ್ದಹಾಗೇ ಇರುತ್ತದೆ, ನೆಂಟರ ಬೆನ್ನ ಹಿಂದೆ ಹತ್ತು ಬೆರಳೂ ಸೇರಿ ನನ್ನ ಗ್ರಹಚಾರ ಬಿಡಿಸುತ್ತವೆ. ಮಗಳು ಆ ಭಾಷೆ ಕಲಿತಿದ್ದಾಳೆ, ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಕಲಿತಿಲ್ಲ. ಸೋಮಾರಿತನದಿಂದಲ್ಲ, ಆತ್ಮರಕ್ಷಣೆಗಾಗಿ.

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿಯವರ ತಕ್ಕಡಿ ನೆಟ್ಟಗಿದೆಯೇ, ಪೆಟ್ರೋಲ್ ಬಂಕಿನ ಲೀಟರು ಪೂರ್ತಿ ಲೀಟರೇ ಹೌದೇ ಎಂದು ನೋಡುವುದು ನನ್ನ ಕೆಲಸ. ಈ ಕೆಲಸ ಮನುಷ್ಯನ ಸ್ವಭಾವವನ್ನು ಕೆಡಿಸಿಬಿಡುತ್ತದೆ. ಅಳೆಯದೆ ಬಿಟ್ಟ ವಸ್ತು ಏನಾದರೂ ಕಣ್ಣಿಗೆ ಬಿದ್ದರೆ ನನ್ನ ಕೈ ತುರಿಸುತ್ತದೆ.

ಹೀಗೆ ಕೈ ತುರಿಸುತ್ತಿದ್ದ ಕಾಲದಲ್ಲೇ ಸಹೋದ್ಯೋಗಿಯೊಬ್ಬರು ಲ್ಯಾಪ್‌ಟಾಪಿನ ಬ್ಯಾಟರಿ ತಪಾಸಣೆ ಹೇಳಿಕೊಟ್ಟರು. ಒಂದು ಸಾಲು ಟೈಪ್ ಮಾಡಿದರೆ ಸಾಕು, ಹೊಸದಾಗಿದ್ದಾಗ ತನ್ನ ಬ್ಯಾಟರಿ ಎಷ್ಟು ಹಿಡಿಯುತ್ತಿತ್ತು, ವಯಸ್ಸಾದ ಮೇಲೆ ಈಗ ಎಷ್ಟು ಹಿಡಿಯುತ್ತದೆ ಎಂದು ಲ್ಯಾಪ್‌ಟಾಪ್ ತಾನೇ ಒಪ್ಪಿಕೊಳ್ಳುತ್ತದೆ. (ಮನುಷ್ಯರಲ್ಲಿ ಈ ಸೌಲಭ್ಯ ಇಲ್ಲ.) ನಮ್ಮ ಮನೆಯಲ್ಲಿ ಎರಡು ಲ್ಯಾಪ್‌ಟಾಪ್, ಒಂದು ನನ್ನದು, ಒಂದು ಅವಳದು. ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡ ಒಂದೇ ಮಾಡೆಲ್. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಬೇಕೆ?

"ಬಾ ಇಲ್ಲಿ, ನೋಡು! ನನ್ನ ಬ್ಯಾಟರಿಯ ಆರೋಗ್ಯ ನೂರಕ್ಕೆ ತೊಂಬತ್ತಾರು. ನಿನ್ನದು ಅರವತ್ತಮೂರು!" ಎಂದೆ.

"ಅದಕ್ಕೆ?"

"ಅದಕ್ಕೆ ಅಂತೀಯಾ? ಸಾಕೋ ಕ್ರಮ ಕಣೇ, ಎಲ್ಲಾ ಸಾಕೋ ಕ್ರಮ. ನಾನು ಯಾವತ್ತಾದ್ರೂ ಚಾರ್ಜರ್ ಕಿತ್ತಿದ್ದೀನಾ? ನೀನು ಅಡುಗೆಮನೆ, ಮಹಡಿ ಮೆಟ್ಟಿಲು, ಹಾಸಿಗೆ ಅಂತ ಅದನ್ನ ಊರೆಲ್ಲಾ ಸುತ್ತಿಸ್ತೀಯ."

"ನಾನು ಅದರಲ್ಲಿ ಕೆಲಸ ಮಾಡ್ತೀನಿ ರೀ. ನಿಮ್ಮದು ಮೇಜಿನ ಮೇಲೆ ಕೂತು ಮೈ ಬೆಳೆಸ್ತಾ ಇದೆ."

ಕಾಲೇಜಿಗೆ ಹೊರಟಿದ್ದ ಮಗಳು ಬಾಗಿಲಲ್ಲೇ ನಿಂತಳು. "ಅಪ್ಪಾ, ನೀವಿಬ್ರೂ ಒಂದೇ ದಿನ ಮದುವೆ ಆದವರಲ್ವಾ? ನಿಮ್ಮಿಬ್ಬರನ್ನೂ ಹೀಗೇ ಹೋಲಿಸಿ ನೋಡೋಣ್ವಾ?"

ನಾನು ಗಾಂಭೀರ್ಯದಿಂದ ಅದನ್ನು ಕೇಳಿಸಿಕೊಳ್ಳಲಿಲ್ಲ. ಆದರೆ ತೊಂಬತ್ತಾರರ ಸುದ್ದಿಯನ್ನು ಕಚೇರಿಯಲ್ಲೂ, ಕ್ಷೌರದಂಗಡಿಯಲ್ಲೂ, ಹಲ್ಲಿನ ಡಾಕ್ಟರು ಬಾಯಿ ಬಿಡಿಸುವ ಮೊದಲೂ ಹೇಳಿದೆ.

ಇದು ಇಲ್ಲಿಗೇ ನಿಂತಿದ್ದರೆ ನಾನು ಈಗಲೂ ಮರ್ಯಾದಸ್ಥನಾಗಿ ಇರುತ್ತಿದ್ದೆ. ಅದೇ ತಿಂಗಳು, ಕಿವಿ ಕೇಳದವರ ಶಾಲೆಯೊಂದು ದುಭಾಷಿಗಳನ್ನು ತಯಾರು ಮಾಡುವ ಶಿಕ್ಷಕಿಗಾಗಿ ಹುಡುಕುತ್ತಿತ್ತು. ನನ್ನ ಹೆಂಡತಿ ಮಗಳು ಹುಟ್ಟಿದಾಗ ಕೆಲಸ ಬಿಟ್ಟವಳು. ಮಗಳು ದೊಡ್ಡವಳಾದಳು ಎನ್ನುವಷ್ಟರಲ್ಲಿ ನನ್ನ ಅಮ್ಮ ಹಾಸಿಗೆ ಹಿಡಿದಳು. ಅಮ್ಮ ಹೋಗುವವರೆಗೂ ಅವಳೇ ನೋಡಿಕೊಂಡಳು. ನಡುವೆ ಸಿಕ್ಕಿದ್ದು ಮನೆಯಿಂದಲೇ ಮಾಡುವ ಚೂರುಪಾರು ಕೆಲಸ ಅಷ್ಟೇ. "ಈ ಸಲ ಆಗ್ಲಿಲ್ಲ ಅಂದ್ರೆ ನಾನು ಇನ್ನು ಯಾರನ್ನೂ ಕೇಳಲ್ಲ ರೀ" ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಎಲ್ಲವನ್ನೂ ಅಳೆಯುವ ನಾನು ಅವಳ ಆ ವರ್ಷಗಳನ್ನು ಮಾತ್ರ ಅಳೆದಿರಲಿಲ್ಲ ಎಂದು ಆಗ ಹೊಳೆಯಿತು. ಆ ಕೆಲಸ ಅವಳಿಗೆ ಸಿಗಲೇಬೇಕೆಂದು ನನಗೂ ಆಸೆಯಿತ್ತು. ಮುಂದೆ ನಡೆದದ್ದನ್ನು ಓದುವಾಗ ದಯವಿಟ್ಟು ಇದನ್ನು ನೆನಪಿಡಿ.

ಸಂದರ್ಶನ ಮನೆಯಿಂದಲೇ, ವಿಡಿಯೊದಲ್ಲಿ. ಅದೇ ದಿನ ತಂತಿ ರಿಪೇರಿ, ಬೆಳಿಗ್ಗೆ ಹತ್ತರಿಂದ ಕರೆಂಟ್ ಇರುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಅವಳು ಹಿಂದಿನ ದಿನವೇ ತನ್ನ ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿ ಇಟ್ಟಿದ್ದಳು. ಆದರೆ ಅರವತ್ತಮೂರರ ಬ್ಯಾಟರಿ! ಅಷ್ಟು ಹೊತ್ತು ತಡೆದೀತೇ? ತಕ್ಕಡಿಯನ್ನು ಬರಿದು ಮಾಡಿ, ಮುಳ್ಳು ಸೊನ್ನೆಗೆ ಬಂದು ನಿಲ್ಲುವುದನ್ನು ಕಣ್ಣಾರೆ ನೋಡದೆ ನಮ್ಮ ಇಲಾಖೆಯವರು ಯಾವ ತೂಕವನ್ನೂ ನಂಬುವುದಿಲ್ಲ. ಆದ್ದರಿಂದ ನಾನು ಬೆಳಗಾಗುವ ಮೊದಲೇ ಎದ್ದು, ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಯುದ್ಧದ ಸಿನಿಮಾ ಹಚ್ಚಿ, ಅದು ಸೊನ್ನೆಗೆ ಇಳಿದು ಕಣ್ಣು ಮುಚ್ಚುವ ತನಕ ಪಕ್ಕದಲ್ಲಿ ಕೂತೆ. ಫಲಿತಾಂಶ ತೃಪ್ತಿಕರವಾಗಿತ್ತು. ಹತ್ತು ಗಂಟೆಯೊಳಗೆ ಮತ್ತೆ ತುಂಬಿಸಿಬಿಡೋಣ ಎಂದು ಚಾರ್ಜರ್ ಸಿಕ್ಕಿಸಿದೆ. ಫ್ಯಾನ್ ನಿಂತಿತು. ಲೈನ್‌ಮನ್‌ಗಳು ಹೇಳಿದ ಹೊತ್ತಿಗಿಂತ ಮುಂಚೆ ಕೆಲಸ ಶುರು ಮಾಡಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಅವಳು ತಯಾರಾಗಿ ಬಂದಳು. ಕೈಗಳು ಎದ್ದು ಕಾಣಲಿ ಎಂದು ಕಡುನೀಲಿ ಬಟ್ಟೆ ಹಾಕಿದ್ದಳು.

"ನನ್ನ ಲ್ಯಾಪ್‌ಟಾಪ್ ಯಾಕ್ರೀ ಇಷ್ಟು ಬಿಸಿ ಇದೆ?"

"ಪರೀಕ್ಷೆ ಮಾಡ್ದೆ. ಸಂತೋಷದ ಸುದ್ದಿ ಕಣೇ, ಪೂರ್ತಿ ತುಂಬಿದ್ರೆ ಸಂದರ್ಶನಕ್ಕೆ ಧಾರಾಳವಾಗಿ ಸಾಕಾಗುತ್ತೆ."

"ಈಗ ಎಷ್ಟಿದೆ?"

"ಈಗ... ಸೊನ್ನೆ."

ಅವಳ ಬಾಯಿಯೂ ಸುಮ್ಮನಿತ್ತು, ಕೈಯೂ ಸುಮ್ಮನಿತ್ತು.

"ಹೆದರಬೇಡ! ನನ್ನದಿದೆಯಲ್ಲ, ತೊಂಬತ್ತಾರು!" ಎಂದು ನನ್ನ ಲ್ಯಾಪ್‌ಟಾಪನ್ನು ಅದರ ಜನ್ಮದಲ್ಲೇ ಮೊದಲ ಸಲ ತಂತಿಯಿಂದ ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಒಪ್ಪಿಸಿದೆ. ಚಾರ್ಜು ನೂರಕ್ಕೆ ನೂರು ತೋರಿಸುತ್ತಿತ್ತು. ಅವಳ ಫೋನಿನಿಂದ ಇಂಟರ್ನೆಟ್ ಕೊಟ್ಟೆವು. ಮುಖದ ಮೇಲೆ ಬೆಳಕು ಬೀಳಲೆಂದು ಅವಳು ಕಿಟಕಿಗೆ ಎದುರಾಗಿ ಕೂತಳು. ನಾನು ಕ್ಯಾಮೆರಾಕ್ಕೆ ಕಾಣದಂತೆ ಗೋಡೆಗೆ ಒರಗಿ ನಿಂತೆ. ಮಗಳು ಬಾಗಿಲಲ್ಲಿ ನಿಂತಳು.

ಶುರು ಚೆನ್ನಾಗಿಯೇ ಆಯಿತು. ಪರದೆಯ ಮೇಲೆ ಶಾಲೆಯ ಮುಖ್ಯಸ್ಥೆ, ಜೊತೆಗೆ ಮೂವರು. ಎಲ್ಲರೂ ಸನ್ನೆ ಭಾಷೆ ಬಲ್ಲವರು. ಅವಳ ಕೈಗಳು ಹಗುರವಾಗಿ ಮಾತಾಡತೊಡಗಿದವು. ಅಷ್ಟರಲ್ಲಿ ನನ್ನ ಕಣ್ಣು ಮೂಲೆಯ ಅಂಕಿಯ ಮೇಲೆ ಬಿತ್ತು. ನೂರಿದ್ದದ್ದು ಎಪ್ಪತ್ತೊಂದು. ನಾನು ಕಣ್ಣುಜ್ಜಿಕೊಳ್ಳುವುದರೊಳಗೆ ಮೂವತ್ತೆಂಟು. ಎಂದೂ ಸೊನ್ನೆಗೆ ಇಳಿಯದ ಬ್ಯಾಟರಿಗೆ ತನ್ನ ಶಕ್ತಿ ಎಷ್ಟೆಂದು ತನಗೇ ಗೊತ್ತಿರುವುದಿಲ್ಲವಂತೆ. ಹಳೆಯ ಅಂಕಿಯನ್ನೇ ಹೇಳಿಕೊಂಡು ಕೂತಿರುತ್ತದಂತೆ. ಇದನ್ನು ಸಹೋದ್ಯೋಗಿ ಆಮೇಲೆ ಹೇಳಿದರು. ಊರಿನವರ ತಕ್ಕಡಿಯನ್ನೆಲ್ಲ ಬರಿದು ಮಾಡಿ ನೋಡುವ ನಾನು, ನನ್ನದೊಂದನ್ನು ನೋಡಿರಲಿಲ್ಲ.

"ಮುಂದಿನ ವಿಡಿಯೊ ಹಾಕ್ತೀವಿ, ಸ್ವಲ್ಪ ಇರಿ" ಎಂದರು ಮುಖ್ಯಸ್ಥೆ. ಆ ಕ್ಷಣಕ್ಕೆ ಪರದೆ ಕಪ್ಪಾಯಿತು.

ನಿಜ ಹೇಳಬೇಕೆಂದರೆ ಲ್ಯಾಪ್‌ಟಾಪ್ ಇನ್ನೂ ಸತ್ತಿರಲಿಲ್ಲ. ಚಾರ್ಜು ಇಪ್ಪತ್ತಕ್ಕಿಂತ ಕೆಳಗಿಳಿದರೆ ಪರದೆಯ ಬೆಳಕು ತಾನಾಗಿ ತೀರ ತಗ್ಗಲಿ ಎಂದು, ಬ್ಯಾಟರಿಯ ದೀರ್ಘಾಯುಷ್ಯಕ್ಕಾಗಿ, ನಾನೇ ಯಾವತ್ತೋ ಏರ್ಪಾಡು ಮಾಡಿದ್ದೆ. ಕಿಟಕಿಯ ಬಿಸಿಲಿನ ಎದುರು ಅದು ಮಸಿ ಬಳಿದಂತೆ ಕಂಡಿತು. ಕ್ಯಾಮೆರಾ ಮಾತ್ರ ಕಣ್ಣು ಬಿಟ್ಟುಕೊಂಡೇ ಇತ್ತು. ಇದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡು ಅವಳು ನನ್ನ ಕಡೆ ನೋಡಿದಳು. ಸಿಟ್ಟು ಮಾತನ್ನು ಮೀರಿದಾಗ ಅವಳಿಗೆ ಅದು ಕೈಗೆ ಇಳಿಯುತ್ತದೆ.

ಆ ಬೈಗುಳ ಎಷ್ಟು ಹೊತ್ತು ನಡೆಯಿತೋ ಹೇಳಲಾರೆ. ಕೈಗಳು ಏನನ್ನೋ ತೂಗಿದವು, ಏನನ್ನೋ ನೆಲಕ್ಕೆ ಬಡಿದವು. ತೊಟ್ಟಿಲು ತೂಗಿದ್ದು ನನಗೂ ತಿಳಿಯಿತು. ಹಾಸಿಗೆಯಲ್ಲಿದ್ದವರ ತಲೆ ಎತ್ತಿ ಹಿಡಿದು ನೀರು ಕುಡಿಸಿದ್ದು ತಿಳಿಯಿತು. ಕೊನೆಗೆ ಎರಡೂ ಅಂಗೈಗಳನ್ನು ಬರಿದಾಗಿ ನನ್ನ ಮುಂದೆ ಒಡ್ಡಿದಳು. ಬಾಗಿಲಲ್ಲಿದ್ದ ಮಗಳು ಮೊದಮೊದಲು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆಮೇಲೆ ನೋಡಿದರೆ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏನಂತಾಳೆ?" ಎಂದು ಪಿಸುಗುಟ್ಟಿದೆ.

"ಅಪ್ಪಾ, ಇದನ್ನ ಬಾಯಲ್ಲಿ ಹೇಳೋಕಾಗಲ್ಲ."

ಆಗ ಕಪ್ಪು ಪರದೆಯೊಳಗಿಂದ ಯಾರೋ ಕೆಮ್ಮಿದರು. "ಕ್ಷಮಿಸಿ, ನೀವು ನಮಗೆ ಕಾಣಿಸ್ತಾ ಇದ್ದೀರಿ" ಎಂದಿತು ಮುಖ್ಯಸ್ಥೆಯ ದನಿ. ಅವಳ ಕೈ ಗಾಳಿಯಲ್ಲೇ ನಿಂತಿತು. ಮರುಕ್ಷಣ ನನ್ನ ತೊಂಬತ್ತಾರು ನಿಜವಾಗಿಯೂ ಪ್ರಾಣ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು: "ಮುಂದುವರಿಸೋದು ಬೇಡ, ನಾವು ನೋಡಬೇಕಾದ್ದು ನೋಡಿಯಾಯ್ತು." ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳು ಹೊರಗೆ ಕೇಳುತ್ತಿತ್ತು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಯಾವ ಭಾಷೆಯಲ್ಲೂ ಮಾತಿರಲಿಲ್ಲ.

ಮುಂದಿನ ವಾರ ಮತ್ತೆ ಶಾಲೆಯಿಂದ ಫೋನು. ಅವಳು ಕೇಳುತ್ತಾ ಕೇಳುತ್ತಾ ಗೋಡೆ ಹಿಡಿದು ಕೂತುಬಿಟ್ಟಳು. ಕೆಲಸ ಅವಳಿಗೇ ಸಿಕ್ಕಿತ್ತು! ಉಳಿದವರೆಲ್ಲ ಕಲಿತದ್ದನ್ನು ಒಪ್ಪಿಸಿದರಂತೆ, ಇವಳೊಬ್ಬಳೇ ಮಾತಾಡಿದಳಂತೆ. "ಅಷ್ಟು ಕೋಪದಲ್ಲೂ ಒಂದು ಬೆರಳು ತಡವರಿಸಲಿಲ್ಲ" ಎಂದರಂತೆ ಮುಖ್ಯಸ್ಥೆ. ಆ ದೃಶ್ಯ ರೆಕಾರ್ಡ್ ಆಗಿದೆ, ವಿದ್ಯಾರ್ಥಿಗಳಿಗೆ ಪಾಠವಾಗಿ ತೋರಿಸಬಹುದೇ ಎಂದೂ ಕೇಳಿದರಂತೆ. ಅವಳು ಧಾರಾಳವಾಗಿ ಒಪ್ಪಿದಳು. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಕೆಲಸದ ಮೊದಲ ದಿನ ಅವಳನ್ನು ಬಿಡಲು ಹೋದೆ. ಆ ದೃಶ್ಯ ಆಗಲೇ ನೋಡಿದ್ದ, ಅಂಗಳದಲ್ಲಿದ್ದ ಹುಡುಗಿಯೊಬ್ಬಳು ಅವಳ ಜೊತೆ ನನ್ನನ್ನು ನೋಡಿ ಪಕ್ಕದವಳನ್ನು ತಿವಿದಳು. ಒಂದು ಅಂಗೈಯನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದು ಕೈಯ ಬೆರಳುಗಳನ್ನು ಅದರ ಮೇಲಿಂದ ಸರ್ರನೆ ಕೆಳಕ್ಕೆ ಜಾರಿಸಿ, ಕುತ್ತಿಗೆಯನ್ನು ಒಂದು ಪಕ್ಕಕ್ಕೆ ವಾಲಿಸಿದಳು. ಪಕ್ಕದವಳು ಆಚೆಯವಳಿಗೆ ಹಾಗೇ ಮಾಡಿದಳು. ನೋಡುನೋಡುತ್ತಿದ್ದಂತೆ ಅಂಗಳ ತುಂಬ ಕುತ್ತಿಗೆಗಳು ವಾಲಿದವು.

"ಏನದು?"

"ಹೆಸರು" ಎಂದಳು ಹೆಂಡತಿ.

"ಯಾರದು?"

"ನಿಮ್ಮದೇ. ಚಾರ್ಜ್ ಇಳಿದು ಸತ್ತುಹೋದ ಬ್ಯಾಟರಿ ಅಂತ. ಗೊತ್ತಿರೋರಿಗೆ ಇವರು ಸನ್ನೆಯಲ್ಲಿ ಒಂದು ಹೆಸರು ಕೊಡ್ತಾರೆ. ಸುಮ್ನೆ ಎಲ್ಲರಿಗೂ ಸಿಗಲ್ಲ ರೀ."

"ಬದಲಾಯಿಸೋಕೆ ಆಗಲ್ವಾ?"

"ಒಂದ್ಸಲ ಕೊಟ್ರೆ ಮುಗೀತು" ಎಂದು ನಗುತ್ತಾ ಅವಳು ಒಳಗೆ ಹೋದಳು. ಎಷ್ಟೋ ವರ್ಷಗಳ ಮೇಲೆ ಅವಳು ಹಾಗೆ ನಕ್ಕದ್ದು.

ಸಂಜೆ ಕರೆದುಕೊಂಡು ಬರಲು ಹೋದಾಗ ಗೇಟಿನಲ್ಲಿ ಬೆಳಿಗ್ಗೆ ಇಲ್ಲದ ಕಾವಲುಗಾರರೊಬ್ಬರಿದ್ದರು. ಅವರಿಗೂ ಕಿವಿ ಕೇಳುವುದಿಲ್ಲ. ದಾರಿಗೆ ಅಡ್ಡ ನಿಂತು, ಹುಬ್ಬೇರಿಸಿ, ಯಾರು ನೀನು ಎಂದು ಕೈಯಲ್ಲೇ ಕೇಳಿದರು. ಹೇಳಿದೆ, ಕೂಗಿ ಹೇಳಿದೆ, ಇಲಾಖೆಯ ಗುರುತಿನ ಚೀಟಿ ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. ನಾನು ಆಚೆ ಈಚೆ ನೋಡಿದೆ. ಯಾರೂ ಇರಲಿಲ್ಲ. ಒಂದು ಅಂಗೈಯನ್ನು ನೆಟ್ಟಗೆ ನಿಲ್ಲಿಸಿದೆ, ಇನ್ನೊಂದು ಕೈಯ ಬೆರಳುಗಳನ್ನು ಅದರ ಮೇಲಿಂದ ಸರ್ರನೆ ಕೆಳಕ್ಕೆ ಜಾರಿಸಿದೆ, ಕುತ್ತಿಗೆ ವಾಲಿಸಿದೆ.

ಕಾವಲುಗಾರರ ಮುಖ ಅರಳಿತು. ಒಂದು ಸಲಾಮು ಹೊಡೆದು ಗೇಟು ತೆಗೆದರು.