ಪದ್ಮಕ್ಕನ ತೋಟದ ಮೂವತ್ತು ಗಿಡ

ತರಗತಿಯಲ್ಲಿ ನನ್ನಷ್ಟು ನಿಷ್ಪಕ್ಷಪಾತಿ ಇನ್ನೊಬ್ಬನಿಲ್ಲ. ಮೂಡಿಗೆರೆಯಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು, ಸಮೀಕ್ಷೆಗೆ ಗಿಡ ಆರಿಸುವಾಗ ಕಣ್ಣಿಗೆ ಚೆಂದ ಕಂಡದ್ದನ್ನೋ ಕಾಲಿಗೆ ಹತ್ತಿರವಿದ್ದದ್ದನ್ನೋ ಹಿಡಿಯಬಾರದು, ಚೀಟಿ ಎತ್ತಬೇಕು, ಬಂದ ಗಿಡಕ್ಕೇ ಹೋಗಬೇಕು ಎಂದು ಮೇಜು ಕುಟ್ಟಿ ಹೇಳುತ್ತೇನೆ. ಮನೆಯಲ್ಲಿ ಹಪ್ಪಳದ ಡಬ್ಬಿಯಿಂದ ಮುರಿಯದ್ದನ್ನೇ ಹುಡುಕಿ ತೆಗೆಯುತ್ತೀರಲ್ಲ ಎಂದು ಹೆಂಡತಿ ಕೇಳಿದರೆ, ಅದು ಬೇರೆ ವಿಷಯ ಎನ್ನುತ್ತೇನೆ.

ಪಕ್ಕದೂರಿನ ಪದ್ಮಕ್ಕನಿಗೆ ಎರಡೆಕರೆ ಅರೇಬಿಕಾ ಕಾಫಿ ಬಿಟ್ಟರೆ ಬೇರೆ ಆಧಾರವಿಲ್ಲ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಸುತ್ತಲ ತೋಟಗಳಿಗೆ ಕಾಂಡಕೊರಕ ಹುಳ ಬಿದ್ದಿತು. ಹಿಡಿದ ಗಿಡವನ್ನು ಬೇಗ ಕಿತ್ತು ಸುಡದಿದ್ದರೆ ಪಕ್ಕದ ಗಿಡವೂ ಹೋಯಿತೆಂದೇ ಲೆಕ್ಕ. "ಅಷ್ಟೂ ಗಿಡ ನೋಡೋಕೆ ಆಳು ಸಿಗಲ್ಲ ಮೇಷ್ಟ್ರೇ. ನೀವೊಂದಿಷ್ಟು ನೋಡಿ ಹೇಳಿ. ಹುಳ ಇದೆ ಅಂದ್ರೆ ಹೆಂಗಾದ್ರೂ ಮಾಡಿ ಪೂರ್ತಿ ನೋಡಿಸ್ತೀನಿ" ಎಂದರು.

ಸಾಲುಗಳಿಗೆ ಸಂಖ್ಯೆ ಹಾಕಿ, ಚೀಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಕುಲುಕಿ ಎತ್ತಿದೆ. ಮೊದಲನೆಯದೇ ಕೆಳಗಿನ ಇಳಿಜಾರಿನದು. ನೆರಳಿನ ಮರ ಗಾಳಿಗೆ ಉರುಳಿ ಬಿಸಿಲು ಬೀಳುವ ಜಾಗ. ಹುಳಕ್ಕೆ ಬೇಕಾದದ್ದು ಅಂಥದ್ದೇ ಎಂದು ಪಾಠ ಮಾಡಿದವನೂ ನಾನೇ. ಆದರೆ ಅಲ್ಲಿ ಸೊಂಟದೆತ್ತರ ಕಳೆ, ಕಳೆಯ ತುಂಬ ರಕ್ತ ಹೀರುವ ಇಂಬಳ. ಹಿಂದಿನ ವಾರ ಒಂದು ಇಂಬಳ ನನಗೆ ಎಲ್ಲಿ ಹತ್ತಿತ್ತು ಎಂಬುದನ್ನು ಹೆಂಡತಿಗೂ ಹೇಳಿರಲಿಲ್ಲ. ಚೀಟಿಯನ್ನು ಮಡಚಿ ಡಬ್ಬಿಗೇ ಹಾಕಿ ಇನ್ನೊಂದು ಎತ್ತಿದೆ. ಇಳಿಜಾರಿನದು ಬಂದಾಗಲೆಲ್ಲ ಹಾಗೇ ಮಾಡಿದೆ. ಎತ್ತಿದ್ದು ಚೀಟಿಯೇ ತಾನೆ! ಕೊನೆಗೆ ಮನೆಯ ಹಿಂದಿನ ನೆರಳಿನಲ್ಲಿ, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಮೂವತ್ತು ಗಿಡಗಳ ಕಾಂಡ ಸವರಿ, "ಹುಳ ಇಲ್ಲ ಪದ್ಮಕ್ಕ, ನಿಶ್ಚಿಂತೆಯಿಂದಿರಿ" ಎಂದೆ. ಪಾಪ, ಹಾಗೇ ಇದ್ದರು.

ಈ ವರ್ಷ ಇಳಿಜಾರು ಪೂರ್ತಿ ಹಳದಿಯಾಯಿತು. ಅಂದೇ ನೋಡಿದ್ದರೆ ಹತ್ತು ಹದಿನೈದು ಗಿಡದಲ್ಲಿ ಮುಗಿಯುತ್ತಿದ್ದದ್ದಕ್ಕೆ ಅರ್ಧ ತೋಟವನ್ನೇ ಕಿತ್ತು ಸುಟ್ಟರು. ಸುದ್ದಿ ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ತಪ್ಪೊಪ್ಪಿಕೊಳ್ಳಲೆಂದೇ ಹೊರಟೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ.

ನಾನು ಬಾಯಿ ತೆರೆಯುವ ಮೊದಲೇ ಪದ್ಮಕ್ಕ ಹೊಸ ಸಸಿಯೊಂದನ್ನು ನನ್ನ ಕೈಗಿಟ್ಟರು. "ನೀವು ಅವತ್ತು ಮುಟ್ಟಿ ನೋಡಿದ್ರಲ್ಲ, ಅದ್ರಲ್ಲಿ ಒಂದು ಗಿಡಕ್ಕೂ ಏನೂ ಆಗ್ಲಿಲ್ಲ ಮಾರಾಯ್ರೇ. ಎಂಥಾ ಕೈಗುಣ ನಿಮ್ದು! ಮೊದಲನೇ ಸಸಿ ನೀವೇ ನೆಟ್ಟುಕೊಡಿ."

ಹೇಳಲೇಬೇಕಿತ್ತು. ಹೇಳಲಿಲ್ಲ. ಸಸಿ ನೆಟ್ಟು, ಅವರು ಕೊಟ್ಟ ಬಾಳೆಗೊನೆಯನ್ನೂ ಬೇಡ ಬೇಡ ಎನ್ನುತ್ತಲೇ ಹೊತ್ತುಕೊಂಡು ಬಂದೆ.